ಹಳದಿ ಕಾಣದ ಕಾಮಾಲೆ

(ವಿಶ್ವ ಹೆಪಟೈಟಿಸ್ ದಿನದ ಅಂಗವಾಗಿ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಒಕ್ಕೂಟದ ಸಭೆ ಎಂದರೆ ಉಳಿತಾಯದ ಲೆಕ್ಕ, ಸಾಲದ ಅರ್ಜಿ, ಬ್ಯಾಂಕಿನ ಓಡಾಟ, ಇವೇ ಮಾತು. ಇವತ್ತು ಅದನ್ನೆಲ್ಲ ಊಟದ ನಂತರಕ್ಕೆ ಇಟ್ಟು ಬೆಳಗಿನ ಹೊತ್ತನ್ನು ನನಗೆ ಕೊಟ್ಟಿದ್ದೀರಿ. ಪ್ರತಿ ವರ್ಷ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ. ಹೆಪಟೈಟಿಸ್ ಬಿ ರೋಗಾಣುವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಬಹುಮಾನ ಪಡೆದ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ ಹುಟ್ಟಿದ ದಿನ ಅದು.

ಹೆಪಟೈಟಿಸ್ ಎಂದರೆ ಯಾವುದೋ ದೂರದ ಕಾಯಿಲೆ ಅನ್ನಿಸಬಹುದು. ಕಾಮಾಲೆ ಅಂದರೆ ಎಲ್ಲರಿಗೂ ಗೊತ್ತು. ಈಗ ತಾನೇ ನಾನು "ಯಾರ ಯಾರ ಮನೆಯಲ್ಲಿ ಕಾಮಾಲೆ ಆಗಿತ್ತು?" ಅಂತ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಕೈ ಮೇಲೆದ್ದವು. "ಹೆಪಟೈಟಿಸ್ ರಕ್ತಪರೀಕ್ಷೆ ಯಾರು ಮಾಡಿಸಿದ್ದೀರಿ?" ಅಂದಾಗ ಒಂದು ಕೈಯೂ ಏಳಲಿಲ್ಲ. ಆದರೆ ಇಲ್ಲಿ ಸಣ್ಣ ಮಕ್ಕಳನ್ನು ಎತ್ತಿಕೊಂಡು ಕೂತಿರುವ ತಾಯಂದಿರೇ, ನೀವು ಬಸುರಿಯಾಗಿದ್ದಾಗ ತೆಗೆದ ರಕ್ತದಲ್ಲಿ ನಿಮ್ಮಲ್ಲಿ ಹಲವರಿಗೆ ಈ ಪರೀಕ್ಷೆ ಆಗಿಯೇ ಇರುತ್ತದೆ. ಫಲಿತಾಂಶ ತಾಯಿ ಕಾರ್ಡಿನಲ್ಲಿ ಇರುತ್ತದೆ. ನಾವು ನೋಡಿಲ್ಲ, ಕೇಳಿಲ್ಲ, ಅಷ್ಟೆ. ಇವತ್ತಿನ ನನ್ನ ಮಾತೆಲ್ಲ ಈ ನೋಡದ, ಕೇಳದ ಅಭ್ಯಾಸದ ಸುತ್ತಲೇ ಇದೆ.

ಮೊದಲು ಕಾಯಿಲೆಯನ್ನು ಸ್ವಲ್ಪ ತಿಳಿಯೋಣ. ಮಟನ್ ತರುವಾಗ "ಸ್ವಲ್ಪ ಈಲಿ ಹಾಕಪ್ಪಾ" ಅಂತ ಕೇಳುತ್ತೀವಲ್ಲ, ಅದೇ ಲಿವರ್ ನಮ್ಮ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ಇದೆ. ಅದಕ್ಕೆ ಬಾವು ಬರುವುದೇ ಹೆಪಟೈಟಿಸ್. ಬಾವು ಬಂದಾಗ ಕೆಲವರಿಗೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಚಹಾ ಬಣ್ಣಕ್ಕೆ ತಿರುಗುತ್ತದೆ, ಊಟ ಸೇರುವುದಿಲ್ಲ. ಇದನ್ನು ನಾವು ಕಾಮಾಲೆ ಅನ್ನುತ್ತೇವೆ. ಅಂದರೆ ಕಾಮಾಲೆ ಒಂದು ಗುರುತು ಮಾತ್ರ. ಹೊಗೆ ಕಂಡರೆ ಒಲೆಯೂ ಇರಬಹುದು, ಬಣವೆಗೆ ಬೆಂಕಿಯೂ ಬಿದ್ದಿರಬಹುದು. ಯಾವುದೆಂದು ಹೋಗಿ ನೋಡಬೇಕಲ್ಲವೇ?

ಬಾವು ತರುವ ವೈರಸ್‌ಗಳಲ್ಲಿ ನಾವು ತಿಳಿಯಬೇಕಾದವು ನಾಲ್ಕು. ಎ, ಬಿ, ಸಿ, ಇ. ಡಿ ಅಂತ ಇನ್ನೊಂದಿದೆ, ಅದು ಬಿ ಇದ್ದವರಿಗೆ ಮಾತ್ರ ಅಂಟುವುದರಿಂದ ಇವತ್ತು ಅದನ್ನು ಬಿಟ್ಟುಬಿಡೋಣ. ಎ ಮತ್ತು ಇ ಬಾಯಿಯ ದಾರಿಯಿಂದ ಬರುತ್ತವೆ, ಅಂದರೆ ಹೊಲಸು ಸೇರಿದ ನೀರು, ಆಹಾರ, ತೊಳೆಯದ ಕೈ. ಬಿ ಮತ್ತು ಸಿ ರಕ್ತದ ದಾರಿಯಿಂದ ಬರುತ್ತವೆ. ಬಿ ದೈಹಿಕ ಸಂಪರ್ಕದಿಂದಲೂ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ಬರುತ್ತದೆ.

ನೀರಿನ ವಿಚಾರ ನಿಮಗೆ ಹೊಸದಲ್ಲ. ಕುದಿಸಿದ ನೀರು, ಶೌಚಾಲಯದಿಂದ ಬಂದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು, ಬಾವಿಗೆ ಬ್ಲೀಚಿಂಗ್ ಪುಡಿ, ಇದನ್ನೆಲ್ಲ ಹಿಂದಿನ ತರಬೇತಿಗಳಲ್ಲಿ ಮಾತಾಡಿದ್ದೇವೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. 1955-56ರಲ್ಲಿ ದೆಹಲಿಯಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29 ಸಾವಿರ ಜನಕ್ಕೆ ಕಾಮಾಲೆ ಬಂತು. ಅದು ಇ ವೈರಸ್‌ನಿಂದ ಅಂತ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಈ ಇ ಬೇರೆಯವರಿಗೆ ಬಂದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಬಸುರಿಗೆ ಹಾಗಲ್ಲ. ಏಳು ತಿಂಗಳು ದಾಟಿದ ಮೇಲೆ ಬಂದರೆ ಐದರಲ್ಲಿ ಒಬ್ಬಳ ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ಬಸುರಿಯ ಕಣ್ಣು ಹಳದಿ ಕಂಡರೆ ಬೇರು, ನಾರು, ಬರೆ ಯಾವುದೂ ಬೇಡ. ಅದೇ ದಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ಸಂಘದ ಹಣ ಸಾಲದಿದ್ದರೆ ಪಕ್ಕದ ಸಂಘದಿಂದ ಕೇಳಿ. ಬಡ್ಡಿ ಲೆಕ್ಕ ಆಮೇಲೆ ನೋಡಿಕೊಳ್ಳೋಣ.

ಬೇರು ನಾರು ಅಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. ನಗಬೇಡಿ, ಅದರ ಬಗ್ಗೆಯೂ ಹೇಳಬೇಕು. ಕಾಮಾಲೆಗೆ ಔಷಧಿ ಕೊಡುವವರು ನಮ್ಮ ಪ್ರತಿ ಹೋಬಳಿಯಲ್ಲೂ ಇದ್ದಾರೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ, ಮೂಗಿಗೆ ರಸ ಹಿಂಡುತ್ತಾರೆ, ಕೈಗೆ ಬರೆ ಹಾಕುತ್ತಾರೆ. "ಸಿಸ್ಟರ್, ನಮ್ಮ ಯಜಮಾನರಿಗೆ ಮೂರೇ ಸಲಕ್ಕೆ ವಾಸಿಯಾಯ್ತು" ಅಂತ ನೀವು ಹೇಳಿದರೆ ಅದು ಸುಳ್ಳಲ್ಲ. ವಾಸಿಯಾಗಿದ್ದು ನಿಜ. ಆದರೆ ಎ ವೈರಸ್‌ನ ಕಾಮಾಲೆ ಔಷಧಿ ಕೊಟ್ಟರೂ ವಾಸಿಯಾಗುತ್ತದೆ, ಕೊಡದಿದ್ದರೂ ಆಗುತ್ತದೆ. ಕೀರ್ತಿ ಮಾತ್ರ ಸೊಪ್ಪಿಗೆ ಹೋಗುತ್ತದೆ. ಹತ್ತು ಜನಕ್ಕೆ ಹೀಗೆ ವಾಸಿಯಾಗಿದ್ದು ನೋಡಿದ ಹನ್ನೊಂದನೆಯವಳು ಅದೇ ನಂಬಿಕೆಯಲ್ಲಿ ಹೋಗುತ್ತಾಳೆ. ಅವಳಿಗೆ ಇರುವುದು ಬಿ ಅಥವಾ ಸಿ ಆಗಿದ್ದರೆ ಹಳದಿ ಇಳಿದರೂ ವೈರಸ್ ಒಳಗೇ ಉಳಿದಿರಬಹುದು. ಔಷಧಿ ಕೊಟ್ಟವರು ಮೋಸ ಮಾಡಿದರು ಅಂತಲೂ ನಾನು ಎಲ್ಲರಿಗೂ ಹೇಳುವುದಿಲ್ಲ, ಅವರಿಗೂ ತಿಳಿಯದು. ಕೆಲವರು ಮಾತ್ರ ತಿಳಿದೇ ಮಾಡುತ್ತಾರೆ. ಕೈಗೆ ಮಾವಿನ ತೊಗಟೆಯ ರಸ ಸವರಿ ಸುಣ್ಣದ ತಿಳಿನೀರಲ್ಲಿ ತೊಳೆಸಿ, "ನೋಡು, ಕಾಮಾಲೆ ಇಳೀತಾ ಇದೆ" ಅಂತ ಹಳದಿ ನೀರು ತೋರಿಸುತ್ತಾರೆ. ಹಾಗೆ ಮಾಡಿದರೆ ನನ್ನ ಕೈಯಿಂದಲೂ ಹಳದಿ ಇಳಿಯುತ್ತದೆ, ನಿಮ್ಮ ಕೈಯಿಂದಲೂ ಇಳಿಯುತ್ತದೆ.

ಇನ್ನು ಪಥ್ಯ. ಉಪ್ಪಿಲ್ಲ, ಎಣ್ಣೆಯಿಲ್ಲ, ಬರೀ ಗಂಜಿ ಅಂತ ತಿಂಗಳುಗಟ್ಟಲೆ ಬಳಲಿಸುತ್ತೇವೆ. ಬೇಕಾಗಿಲ್ಲ. ಸೇರುವಷ್ಟು ಮನೆಯ ಸಾಮಾನ್ಯ ಊಟ ಕೊಡಬಹುದು. ಕುಡಿತ ಮಾತ್ರ ಪೂರ್ತಿ ನಿಲ್ಲಬೇಕು.

ಈಗ ಹಳದಿ ಕಾಣದ ಕಾಮಾಲೆಗೆ ಬರುತ್ತೇನೆ. ಬಿ ಮತ್ತು ಸಿ ಅಂಟಿದವರಲ್ಲಿ ಬಹಳ ಜನಕ್ಕೆ ಕಣ್ಣು ಹಳದಿಯಾಗುವುದೇ ಇಲ್ಲ. ಜ್ವರ ಇಲ್ಲ, ನೋವಿಲ್ಲ, ಕೂಲಿ ಕೆಲಸ ನಡೆಯುತ್ತದೆ, ಮದುವೆ ಮಕ್ಕಳು ಎಲ್ಲ ಆಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಹೀಗೇ ಇದ್ದು ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತ ವಾಂತಿಯಾಗುತ್ತದೆ. ಲಿವರ್ ಗಟ್ಟಿಯಾಗಿ ಕುಗ್ಗಿಹೋಗಿರುತ್ತದೆ, ಕೆಲವರಿಗೆ ಕ್ಯಾನ್ಸರ್ ಆಗಿರುತ್ತದೆ. ನಿಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಗಂಡ ನಿಮಗೆ ಹೇಳದೆ ಮಾಡಿದ ಮೀಟರ್ ಬಡ್ಡಿ ಸಾಲದ ಹಾಗೆ. ಮನೆಯಲ್ಲಿ ಯಾರಿಗೂ ಸುಳಿವಿಲ್ಲ, ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಸಾಲಗಾರ ಬಾಗಿಲಿಗೆ ಬಂದ ದಿನವೇ ಗೊತ್ತಾಗುವುದು.

ಗಂಡಸು ಹೀಗೆ ಹೊಟ್ಟೆ ಊದಿ ಸತ್ತರೆ "ಕುಡಿದು ಕುಡಿದು ಹೋದ" ಅನ್ನುತ್ತೇವೆ. ಕೆಲವು ಸಲ ಅದು ನಿಜ, ಕೆಲವು ಸಲ ಎರಡೂ ಸೇರಿರುತ್ತದೆ. ಆದರೆ ಒಂದು ತೊಟ್ಟೂ ಬಾಯಿಗೆ ಹಾಕದ ಹೆಂಗಸರು ಇದೇ ರೀತಿ ಹೋದದ್ದನ್ನು ನಾನು ನೋಡಿದ್ದೇನೆ. ಆಗ ಊರಿನವರಿಗೆ ಹೇಳಲು ಕಾರಣ ಸಿಗುವುದಿಲ್ಲ, ಮಾಟ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 2 ಕೋಟಿ 98 ಲಕ್ಷ ಜನರಲ್ಲಿ ಬಿ, 55 ಲಕ್ಷ ಜನರಲ್ಲಿ ಸಿ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ತಮ್ಮಲ್ಲಿ ಇದೆ ಅನ್ನುವುದೇ ಗೊತ್ತಿಲ್ಲ.

ಒಬ್ಬರ ರಕ್ತ ಇನ್ನೊಬ್ಬರಿಗೆ ಹೇಗೆ ಸೇರುತ್ತದೆ? ಇಲ್ಲಿ ನಮ್ಮ ಒಂದು ದೊಡ್ಡ ಅಭ್ಯಾಸದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದು ಸೂಜಿಯ ಮೋಹ. ಮೈ ಕೈ ನೋವು ಬಂದರೆ, ನೆಗಡಿ ಬಂದರೆ, ನಾಟಿ ಮಾಡಿ ಸೊಂಟ ಹಿಡಿದರೆ "ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ" ಅನ್ನುತ್ತೇವೆ. ಮಾತ್ರೆ ಮಾತ್ರ ಕೊಟ್ಟು ಕಳಿಸಿದ ಡಾಕ್ಟರು ಒಳ್ಳೆಯವರಲ್ಲ. ಸುಸ್ತಾದರೆ ಗ್ಲೂಕೋಸ್ ಏರಿಸಬೇಕು. ಸರ್ಕಾರಿ ಡಾಕ್ಟರು ಬೇಡ ಅಂದರೆ ಸಂಜೆ ಬ್ಯಾಗು ಹಿಡಿದು ಬೈಕಿನಲ್ಲಿ ಬರುವವರ ಹತ್ತಿರ ಹಾಕಿಸಿಕೊಳ್ಳುತ್ತೇವೆ. ಆ ಬ್ಯಾಗಿನೊಳಗಿನ ಸೂಜಿ ಬೆಳಗ್ಗೆ ಯಾರ ಮೈಯಲ್ಲಿತ್ತು ಎಂದು ಎಷ್ಟು ಜನ ಕೇಳಿದ್ದೀರಿ? ತರಕಾರಿ ಕೊಳ್ಳುವಾಗ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ನೋಡುವವರು ನಾವು.

2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಇದ್ದಕ್ಕಿದ್ದಂತೆ ಹೆಪಟೈಟಿಸ್ ಬಿ ಹರಡಿತು. ನಾನ್ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಹುಡುಕಿ ನೋಡಿದಾಗ ಕಂಡದ್ದು ಒಬ್ಬರಿಗೆ ಬಳಸಿದ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಿದ್ದು. ಅವರೂ ನಮ್ಮ ಹಾಗೆ ಸಣ್ಣಪುಟ್ಟ ಕಾಯಿಲೆಗೆ ಚಿಕಿತ್ಸೆಗೆ ಹೋದ ಸಾಮಾನ್ಯ ಜನ.

ಬೇರೆಯವರ ತಪ್ಪು ಹೇಳುವಾಗ ನಮ್ಮದನ್ನೂ ಹೇಳಬೇಕು. ನಾನು ಮಠಕ್ಕೆ ಸೇರಿದ ಹೊಸದರಲ್ಲಿ, 1990ರ ದಶಕದ ಆರಂಭದಲ್ಲಿ, ಹಳ್ಳಿಗಳಲ್ಲಿ ನಡೆಸುವ ಉಚಿತ ಶಿಬಿರಗಳಿಗೆ ಸಹಾಯಕ್ಕೆ ಹೋಗುತ್ತಿದ್ದೆ. ಆಗ ಗಾಜಿನ ಸಿರಿಂಜುಗಳು. ಸೀಮೆಎಣ್ಣೆ ಸ್ಟೌ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಅವನ್ನು ಕುದಿಸುವುದು ನನ್ನ ಕೆಲಸ. ಇಪ್ಪತ್ತು ನಿಮಿಷ ಕುದಿಯಬೇಕು ಅಂತ ಹೇಳಿಕೊಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಸಾಲು ಉದ್ದವಾಗಿ, ಮಕ್ಕಳು ಅಳಲು ಶುರುವಾದಾಗ "ಸಾಕು, ಬೇಗ ತೆಗಿ" ಅನ್ನುವರು, ನಾನು ತೆಗೆದುಕೊಡುತ್ತಿದ್ದೆ. ನೀರು ಮರಳುತ್ತಿದೆ ಅಂದರೆ ಶುದ್ಧವಾಯಿತು ಅಂತಲೇ ನನ್ನ ತಿಳಿವಳಿಕೆ. ಸೇವೆ ಮಾಡುತ್ತಿದ್ದೇನೆ ಅನ್ನುವ ಸಂತೋಷ ಬೇರೆ. ಸಮಾಜಕಾರ್ಯ ಓದುವಾಗ ಈಜಿಪ್ಟ್ ದೇಶದ ವಿಷಯ ತಿಳಿದಾಗ ಆ ಡಬ್ಬಿ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ.

ಈಜಿಪ್ಟಿನಲ್ಲಿ ಏನಾಯಿತು ಕೇಳಿ. ಅಲ್ಲಿ ನೈಲ್ ನದಿಯ ಬಯಲಿನಲ್ಲಿ ಕಾಲುವೆ ನೀರಿನಲ್ಲಿ ನಿಂತು ಬೇಸಾಯ ಮಾಡುವ ರೈತರಿಗೆ, ನೀರಿನ ಬಸವನಹುಳದಿಂದ ಒಂದು ಕಾಯಿಲೆ ಬರುತ್ತಿತ್ತು. ಅದನ್ನು ಹೋಗಲಾಡಿಸಲು 1950ರ ದಶಕದಿಂದ 1980ರ ದಶಕದವರೆಗೆ ಅಲ್ಲಿನ ಸರ್ಕಾರ ಹಳ್ಳಿ ಹಳ್ಳಿಗೆ ಹೋಗಿ ಇಂಜೆಕ್ಷನ್ ಕೊಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ಅದೇ ಗಾಜಿನ ಸಿರಿಂಜುಗಳು, ಅದೇ ಅವಸರ, ಸರಿಯಾಗಿ ಕುದಿಸದೆ ಒಬ್ಬರಿಂದ ಒಬ್ಬರಿಗೆ. ಒಂದು ಕಾಯಿಲೆ ಕಡಿಮೆಯಾಯಿತು, ಹೆಪಟೈಟಿಸ್ ಸಿ ದೇಶದ ತುಂಬ ಹರಡಿತು. ಪ್ರಪಂಚದಲ್ಲೇ ಹೆಚ್ಚು ಸಿ ಇರುವ ದೇಶಗಳಲ್ಲಿ ಒಂದಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆ ನಿಮಗೆ ಹೇಳುತ್ತಿರಲಿಲ್ಲ. ಹೆಪಟೈಟಿಸ್ ಸಿಗೆ ಒಳ್ಳೆಯ ಮಾತ್ರೆಗಳು ಬಂದ ಮೇಲೆ, 2018ರ ಅಕ್ಟೋಬರ್‌ನಿಂದ ಏಳು ತಿಂಗಳಲ್ಲಿ ಅಲ್ಲಿ ಸುಮಾರು 5 ಕೋಟಿ ಜನರ ರಕ್ತಪರೀಕ್ಷೆ ಮಾಡಿದರು. ಇದ್ದವರಿಗೆ ಉಚಿತವಾಗಿ ಮಾತ್ರೆ ಕೊಟ್ಟರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆಪಟೈಟಿಸ್ ಸಿ ನಿರ್ಮೂಲನೆಯ ದಾರಿಯಲ್ಲಿ ಚಿನ್ನದ ಹಂತ ಮುಟ್ಟಿದ ಮೊದಲ ದೇಶ ಎಂದು ಈಜಿಪ್ಟನ್ನು ಗುರುತಿಸಿತು. ಅವರೂ ಶ್ರೀಮಂತ ದೇಶದ ಜನ ಅಲ್ಲ. ಪರೀಕ್ಷೆಗೆ ಬನ್ನಿ ಅಂದಾಗ ಬಂದರು. ಹೆದರಿ ಮನೆಯೊಳಗೆ ಕೂತಿದ್ದರೆ ಸರ್ಕಾರದ ಮಾತ್ರೆ ಗೋದಾಮಿನಲ್ಲೇ ಇರುತ್ತಿತ್ತು.

ನಮ್ಮಲ್ಲೂ ಅದೇ ಮಾತ್ರೆಗಳಿವೆ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ ಮತ್ತು ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಸಿ ಇದ್ದರೆ ಸಾಮಾನ್ಯವಾಗಿ ಹನ್ನೆರಡು ವಾರ ದಿನವೂ ಮಾತ್ರೆ ನುಂಗಿದರೆ ನೂರಕ್ಕೆ ತೊಂಬತ್ತೈದು ಜನಕ್ಕೆ ಪೂರ್ತಿ ಗುಣವಾಗುತ್ತದೆ. ಸಿಗೆ ಲಸಿಕೆ ಮಾತ್ರ ಇಲ್ಲ. ಬಿಗೆ ಲಸಿಕೆ ಇದೆ, ಆದರೆ ಬಹಳ ಕಾಲ ಉಳಿದುಬಿಟ್ಟ ಬಿಯನ್ನು ಪೂರ್ತಿ ಓಡಿಸುವ ಔಷಧಿ ಇನ್ನೂ ಇಲ್ಲ. ಅದನ್ನು ಮಲಗಿಸಿಡುವ ಮಾತ್ರೆ ಇದೆ. ಎಲ್ಲರಿಗೂ ಆ ಮಾತ್ರೆ ಬೇಕಾಗುವುದಿಲ್ಲ, ಯಾರಿಗೆ ಬೇಕು ಎಂದು ಡಾಕ್ಟರು ಪರೀಕ್ಷೆ ಮಾಡಿ ಹೇಳುತ್ತಾರೆ. ಶುರು ಮಾಡಿದ ಮೇಲೆ ನಾವಾಗಿ ನಿಲ್ಲಿಸಬಾರದು.

ಹಾಗಾದರೆ ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು? 2000ದ ದಶಕದ ಆರಂಭಕ್ಕೂ ಮುಂಚೆ ರಕ್ತ ಹಾಕಿಸಿಕೊಂಡವರು ಖಂಡಿತ ಮಾಡಿಸಿ, ಆಗ ರಕ್ತನಿಧಿಗಳಲ್ಲಿ ಸಿ ಪರೀಕ್ಷೆ ಕಡ್ಡಾಯವಾಗಿರಲಿಲ್ಲ. ಡಯಾಲಿಸಿಸ್ ಆಗುತ್ತಿರುವವರು, ಎಲ್ಲೆಂದರಲ್ಲಿ ಇಂಜೆಕ್ಷನ್ ಹಾಕಿಸಿಕೊಂಡವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು, ಮನೆಯಲ್ಲಿ ಯಾರಿಗಾದರೂ ಬಿ ಅಥವಾ ಸಿ ಇರುವವರು. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವವರು, ಕಸ ಬೇರ್ಪಡಿಸುವ ಕೆಲಸದವರು ಇಲ್ಲಿ ನಾಲ್ಕೈದು ಜನ ಇದ್ದೀರಿ. ನಿಮ್ಮ ಕೈಗೆ ಸೂಜಿ ಚುಚ್ಚಿದರೆ ಸೆರಗಿನಲ್ಲಿ ಒರೆಸಿಕೊಂಡು ಸುಮ್ಮನಾಗಬೇಡಿ. ಸೋಪು ಹಾಕಿ ತೊಳೆದು ಅವತ್ತೇ ಹೋಗಿ ಹೇಳಿ. ದೊಡ್ಡವರಿಗೂ ಬಿ ಲಸಿಕೆ ಇದೆ, ಆರು ತಿಂಗಳಲ್ಲಿ ಮೂರು ಸಲ ಹಾಕಿಸಿಕೊಳ್ಳಬೇಕು. ಅದನ್ನು ಕೊಡಿಸುವುದು ಕೆಲಸ ಕೊಟ್ಟವರ ಜವಾಬ್ದಾರಿ, ಗಟ್ಟಿಯಾಗಿ ಕೇಳಿ.

ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಆದ್ದರಿಂದ ಒಂದೇ ಬ್ಲೇಡು, ಒಂದೇ ರೇಜರು, ಒಂದೇ ಉಗುರು ಕಟ್ಟರು, ಟೂತ್ ಬ್ರಷ್ಷು ಮನೆಮಂದಿಗೆಲ್ಲ ಬೇಡ. ಹರಕೆ ಹೊತ್ತು ಮುಡಿ ಕೊಡುವವರು ಎಲ್ಲ ಧರ್ಮದಲ್ಲೂ ಇದ್ದೇವೆ. ನಮ್ಮವರು ವೇಲಾಂಕಣಿಗೆ ಹೋಗುತ್ತಾರೆ, ನೀವು ತಿರುಪತಿಗೋ ಮನೆದೇವರಿಗೋ ಹೋಗುತ್ತೀರಿ. ಹೊಸ ಬ್ಲೇಡನ್ನು ನಮ್ಮ ಕಣ್ಣೆದುರೇ ಹಾಕಿ ಅಂತ ಕೇಳುವುದರಿಂದ ಹರಕೆಗೆ ಏನೂ ಕುಂದಿಲ್ಲ. ಮಕ್ಕಳ ಕಿವಿ ಚುಚ್ಚಿಸುವಾಗಲೂ ಹೀಗೇ ಹೊಸ ಸೂಜಿ ಕೇಳಿ.

ಈಗ ನಾನು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡ ಒಂದು ವಿಷಯ. ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಸಂಘವೊಂದರಲ್ಲಿ ನಡೆದದ್ದು. ಊರು, ಹೆಸರು ಹೇಳುವುದಿಲ್ಲ. ಆ ತಂಗಿಯನ್ನು ಕೇಳಿ, ಅವಳು ಹೇಳಬಹುದು ಎಂದ ಮೇಲೆಯೇ ಹೇಳುತ್ತಿದ್ದೇನೆ.

ಅವಳು ಎರಡನೆಯ ಸಲ ಬಸುರಿಯಾಗಿದ್ದಾಗ ರಕ್ತಪರೀಕ್ಷೆಯಲ್ಲಿ ಬಿ ಇದೆ ಅಂತ ಬಂತು. ಅವಳಿಗೆ ಏನೂ ತೊಂದರೆಯಿರಲಿಲ್ಲ, ಗಟ್ಟಿಮುಟ್ಟಾಗಿದ್ದಳು. ವಿಷಯ ಹೇಗೋ ಊರಿಗೆ ಗೊತ್ತಾಯಿತು. ಮುಂದಿನ ವಾರದ ಸಭೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ, ಅವಳಿಗೆ ಮಾತ್ರ ಪೇಪರ್ ಕಪ್ಪು. ಯಾರೂ ಬೈಯಲಿಲ್ಲ, ಎದ್ದು ಹೋಗು ಅನ್ನಲಿಲ್ಲ. ಅವಳು ಕಪ್ಪು ತೆಗೆದುಕೊಂಡಳು, ಕುಡಿಯಲಿಲ್ಲ. ಆ ಸಭೆಯಲ್ಲಿ ನಾನೂ ಇದ್ದೆ. ಕಪ್ಪು ನೋಡಿದೆ, ಲೋಟ ಸಾಲಲಿಲ್ಲವೇನೋ ಅಂದುಕೊಂಡು ಸಾಲದ ಪುಸ್ತಕದಲ್ಲಿ ತಲೆ ಹಾಕಿದೆ. ಕೇಳಲಿಲ್ಲ. ಆಮೇಲೆ ಅವಳು ಉಳಿತಾಯದ ಹಣವನ್ನು ಮಗಳ ಕೈಯಲ್ಲಿ ಕಳಿಸತೊಡಗಿದಳು. ಸ್ವಲ್ಪ ದಿನಕ್ಕೆ ಅದೂ ನಿಂತಿತು.

ಹೆರಿಗೆಗೆ ತವರಿಗೆ ಹೋದಳು. ಹೋಗುವಾಗ ತಾಯಿ ಕಾರ್ಡನ್ನು ಸೀರೆಗಳ ಅಡಿಯಲ್ಲಿಟ್ಟು ಹೋದಳು. ಅಲ್ಲಾದರೂ ಯಾರಿಗೂ ಗೊತ್ತಾಗದಿರಲಿ ಅಂತ. ದಿನ ತುಂಬುವ ಮೊದಲೇ ರಾತ್ರಿ ನೋವು ಬಂದು ಮನೆಯಲ್ಲೇ ಹೆರಿಗೆಯಾಯಿತು. ಹೆರಿಗೆ ಸಲೀಸಾಗಿ ಆಯಿತಲ್ಲ, ಹಸುಗೂಸನ್ನು ಯಾಕೆ ಹೊರಗೆ ಒಯ್ಯುವುದು ಅಂದರು ಮನೆಯವರು. ಆಸ್ಪತ್ರೆಗೆ ಹೋದರೆ ಕಾರ್ಡು ಕೇಳುತ್ತಾರೆ ಅಂತ ಇವಳೂ ಸುಮ್ಮನಾದಳು. ಮಗುವಿಗೆ ಮೊದಲ ಲಸಿಕೆ ಬಿದ್ದದ್ದು ಒಂದೂವರೆ ತಿಂಗಳಿಗೆ. ಒಂದೂವರೆ ವರ್ಷದವನಾದಾಗ ಪರೀಕ್ಷೆ ಮಾಡಿಸಿದರೆ ಮಗುವಿನಲ್ಲೂ ಬಿ ಇತ್ತು.

ಈ ಲೆಕ್ಕ ನೋಡಿ. ದೊಡ್ಡವರಿಗೆ ಬಿ ಅಂಟಿದರೆ ನೂರಕ್ಕೆ ಐದು ಜನರಲ್ಲೂ ಅದು ಶಾಶ್ವತವಾಗಿ ಉಳಿಯುವುದಿಲ್ಲ. ಉಳಿದವರ ಮೈ ತಾನೇ ಅದನ್ನು ಓಡಿಸುತ್ತದೆ. ಆದರೆ ಹುಟ್ಟುವಾಗ ಅಂಟಿದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಇದನ್ನು ತಡೆಯಲು ಹುಟ್ಟಿದ 24 ಗಂಟೆಯೊಳಗೆ ಮಗುವಿನ ತೊಡೆಗೆ ಒಂದು ಲಸಿಕೆ ಕೊಡಬೇಕು. ಅದಕ್ಕೆ ಹುಟ್ಟಿನ ಡೋಸ್ ಅನ್ನುತ್ತಾರೆ. ಬಿಸಿಜಿ ತೋಳಿಗೆ, ಪೋಲಿಯೊ ಹನಿ ಬಾಯಿಗೆ, ಇದು ತೊಡೆಗೆ. ಆಮೇಲೆ 6, 10, 14 ವಾರಗಳಿಗೆ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲೂ ಬಿ ಲಸಿಕೆ ಸೇರಿದೆ. ತಾಯಿಗೆ ಬಿ ಇದೆ ಅಂತ ಮೊದಲೇ ಗೊತ್ತಿದ್ದರೆ ಲಸಿಕೆಯ ಜೊತೆ ಇನ್ನೊಂದು ಇಂಜೆಕ್ಷನ್ನನ್ನೂ ಮಗುವಿಗೆ ಕೊಡುತ್ತಾರೆ, ಬೇಕಾದರೆ ತಾಯಿಗೆ ಕೊನೆಯ ತಿಂಗಳುಗಳಲ್ಲಿ ಮಾತ್ರೆ ಕೊಡುತ್ತಾರೆ. ಸೂಜಿ ಬೇಡ ಬೇಡ ಅಂತ ಇಷ್ಟು ಹೊತ್ತು ಹೇಳಿದವಳು ಈಗ ಬೇಕು ಅನ್ನುತ್ತಿದ್ದಾಳೆ ಅಂದುಕೊಳ್ಳಬೇಡಿ. ಲಸಿಕೆಯ ಸಿರಿಂಜು ಒಂದು ಸಲ ಬಳಸಿದ ಮೇಲೆ ತಾನೇ ಲಾಕ್ ಆಗುತ್ತದೆ, ಇನ್ನೊಬ್ಬರಿಗೆ ಬಳಸಲು ಬರುವುದೇ ಇಲ್ಲ.

ಆ ಮಗುವಿಗೆ ಈ 24 ಗಂಟೆ ತಪ್ಪಿಹೋಯಿತು. ಪೇಪರ್ ಕಪ್ಪಿನಿಂದ ತಪ್ಪಿತು ಅಂತ ನಾನು ಹೇಳುತ್ತೇನೆ. ನಿಮ್ಮಲ್ಲಿ ಕೆಲವರಿಗೆ ಇದು ಹೆಚ್ಚಾಯಿತು ಅನ್ನಿಸಬಹುದು. ಆದರೆ ಅವಳೇ ನನಗೆ ಹೇಳಿದ್ದು, "ಸಿಸ್ಟರ್, ಸಂಘದಲ್ಲೇ ಹೀಗೆ ಮಾಡಿದರು, ಇನ್ನು ತವರಲ್ಲಿ ಅತ್ತಿಗೆಯರು ಬಿಡುತ್ತಾರಾ ಅಂತ ಹೆದರಿಕೆ ಆಯ್ತು."

ಬಿ ಆಗಲಿ ಸಿ ಆಗಲಿ ಲೋಟದಿಂದ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಕೈ ಹಿಡಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ, ಒಂದೇ ಶೌಚಾಲಯಕ್ಕೆ ಹೋದರೆ ಬರುವುದಿಲ್ಲ. ತಾಯಿ ಎದೆಹಾಲು ಕೊಡಬಹುದು. ಅವಳು ಅಡುಗೆ ಮಾಡಿ ಬಡಿಸಬಹುದು, ಅಂಗನವಾಡಿಯಲ್ಲಿ ಕೆಲಸ ಮಾಡಬಹುದು, ಮಗು ಶಾಲೆಗೆ ಹೋಗಬಹುದು. ತಮಾಷೆ ನೋಡಿ, ಲೋಟದಿಂದ, ಕೈಯಿಂದ ಹರಡಬಲ್ಲದ್ದು ಎ. ಆ ಕಾಮಾಲೆ ಬಂದವರನ್ನು ನೋಡಲು ನಾವು ಹಣ್ಣು ಹಿಡಿದು ಗುಂಪಾಗಿ ಹೋಗಿ ಅವರ ಮನೆಯಲ್ಲೇ ಚಹಾ ಕುಡಿದು ಬರುತ್ತೇವೆ.

ಈಗ ಆ ತಂಗಿ ಸಂಘಕ್ಕೆ ಮತ್ತೆ ಬರುತ್ತಿದ್ದಾಳೆ. ಹುಡುಗ ಚೆನ್ನಾಗಿದ್ದಾನೆ, ಆರು ತಿಂಗಳಿಗೊಮ್ಮೆ ತಪಾಸಣೆಗೆ ಕರೆದುಕೊಂಡು ಹೋಗುತ್ತಾಳೆ. ಗಂಡನಿಗೂ ದೊಡ್ಡ ಮಗಳಿಗೂ ಪರೀಕ್ಷೆಯಾಯಿತು, ಇಬ್ಬರಲ್ಲೂ ಇರಲಿಲ್ಲ, ಗಂಡನಿಗೆ ಲಸಿಕೆ ಹಾಕಿಸಿದರು.

ನಿಮ್ಮ ಸಂಘಗಳಲ್ಲಿ ಏನು ಮಾಡಬಹುದು ಎಂದು ನನ್ನ ಅಭಿಪ್ರಾಯ ಹೇಳುತ್ತೇನೆ, ಬಿಡುವುದು ಹಿಡಿಯುವುದು ನಿಮಗೆ ಸೇರಿದ್ದು. ಸಂಘದಲ್ಲಿ, ಸಂಘದವರ ಮನೆಗಳಲ್ಲಿ ಯಾರು ಬಸುರಿ ಎಂದು ನಿಮಗೆ ನಮಗಿಂತ ಮೊದಲು ಗೊತ್ತಿರುತ್ತದೆ. ಅವಳನ್ನು "ಪರೀಕ್ಷೆಯಲ್ಲಿ ಏನು ಬಂತು?" ಅಂತ ಕೇಳಬೇಡಿ. "ಪರೀಕ್ಷೆ ಮಾಡಿದ್ದಾರಾ?" ಅಂತ ಮಾತ್ರ ಕೇಳಿ. ಎರಡಕ್ಕೂ ವ್ಯತ್ಯಾಸ ಇದೆ. ಹೆರಿಗೆಗೆ ತವರಿಗೆ ಹೊರಟವಳ ಚೀಲದಲ್ಲಿ ತಾಯಿ ಕಾರ್ಡು ಇದೆಯಾ ಎಂದು ನೋಡಿ. ಹೆರಿಗೆಯಾದ ಸುದ್ದಿ ಫೋನಿನಲ್ಲಿ ಬಂದಾಗ ಗಂಡೋ ಹೆಣ್ಣೋ ಅಂತ ಕೇಳುವುದರ ಜೊತೆಗೆ "ತೊಡೆಗೆ ಲಸಿಕೆ ಹಾಕಿದರಾ?" ಅಂತಲೂ ಕೇಳಿ. ಶನಿವಾರ ರಾತ್ರಿಯೋ ಭಾನುವಾರವೋ ಹೆರಿಗೆಯಾದರೆ "ಸೋಮವಾರ ಹಾಕುತ್ತೇವೆ" ಅನ್ನುವ ಜಾಗಗಳಿವೆ. ಆಗ ಸಂಘದ ಇಬ್ಬರು ಹೋಗಿ ವಿನಯದಿಂದಲೇ ಹಟ ಹಿಡಿಯಬೇಕು. ಬ್ಯಾಂಕ್ ಮ್ಯಾನೇಜರ ಮುಂದೆ ಕೂತು ಸಾಲ ಮಂಜೂರು ಮಾಡಿಸಿಕೊಂಡು ಬಂದವರು ನೀವು, ಇದು ನಿಮಗೆ ಕಷ್ಟವಲ್ಲ.

ಮಾತು ಮುಗಿದ ಮೇಲೆ ಒಬ್ಬರು ಎದ್ದು ನಿಂತು ಕೇಳಿದರು: "ಸಿಸ್ಟರ್, ಪರೀಕ್ಷೆ ಮಾಡಿಸಿ ಇದೆ ಅಂತ ಬಂದರೆ ಸಂಘದಲ್ಲಿ ಹೇಳಲೇಬೇಕಾ? ನಡಾವಳಿಯಲ್ಲಿ ಬರೆಯುತ್ತಾರಾ?"

ಬೇಡ. ಹೇಳಬೇಕಾಗಿಲ್ಲ, ಬರೆಯಬಾರದು. ಮನೆಯಲ್ಲಿ ಗಂಡನಿಗೆ ಹೇಳಬೇಕು, ಅವರಿಗೂ ಮಕ್ಕಳಿಗೂ ಪರೀಕ್ಷೆ ಆಗಬೇಕಲ್ಲ. ಹೆರಿಗೆ ಮಾಡಿಸುವವರಿಗೆ, ಹಲ್ಲು ಕೀಳುವ ಡಾಕ್ಟರಿಗೆ, ಆಪರೇಷನ್ ಮಾಡುವವರಿಗೆ ಹೇಳಬೇಕು. ಉಳಿದವರಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಆಸ್ಪತ್ರೆ ಖರ್ಚಿಗೆ ಸಂಘದಿಂದ ಸಾಲ ಬೇಕಾದರೆ ಅರ್ಜಿಯಲ್ಲಿ "ವೈದ್ಯಕೀಯ ವೆಚ್ಚ" ಅಂತ ಬರೆದರೆ ಸಾಕು, ಯಾವ ಕಾಯಿಲೆ ಎಂದು ಪ್ರತಿನಿಧಿಗಳು ಕೇಳುವ ಹಾಗಿಲ್ಲ. ಜಿಲ್ಲಾ ಆಸ್ಪತ್ರೆಗೆ ಒಬ್ಬರೇ ಹೋಗಲು ಅಂಜಿಕೆಯಾದರೆ ನನಗೆ ಒಂದು ಫೋನ್ ಮಾಡಿ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಜೊತೆಗೆ ಬರುತ್ತೇನೆ. ಯಾಕೆ ಹೋಗುತ್ತಿದ್ದೇವೆ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ಪಿಂಚಣಿ ಕಾಗದದ ಕೆಲಸ ಅನ್ನೋಣ.

 ಈಗ ಚಹಾ ಕುಡಿದು ಬನ್ನಿ, ಲೆಕ್ಕಪತ್ರ ಶುರು ಮಾಡೋಣ.